ಮರಳಿನ ಮೇಲೆ ತೇಲಿದ ಪಾನಾ

"ಕೈ ಬಿಡ್ರಿ, ಮಾವಶಿ," ಎಂದಳು ಶ್ರೀರಂಜನಿ.

ಗಿರಿಜಾಬಾಯಿ ನಟ್ಟು ತಿರುಗಿಸುವ ಪಾನಾವನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡರು. ಪೋಲೀಸ್ ಖಾತೆಯಲ್ಲಿ ಫೌಜದಾರರಾಗಿ ನಿವೃತ್ತರಾಗಿ, ಈಗ ಸಾಂಗ್ಲಿಯ ಅರಿಶಿನ ಪೇಟೆಯ ಮಾಳಿಗೆಯೊಂದರ ಮೇಲೆ ಖಾಸಗಿ ತನಿಖೆಯ ಬೋರ್ಡು ತೂಗುಹಾಕಿಕೊಂಡಿದ್ದ ಆ ಹೆಂಗಸಿಗೆ ಯಾರಾದರೂ ಕೈ ಬಿಡಿ ಎಂದರೆ ಹಿಡಿಯುವುದೇ ಚಟ.

ಎದುರಿಗೆ, ಶ್ರೀರಂಜನಿ ಕಲಿಸುವ ಕಾಲೇಜಿನ ಪ್ರಯೋಗಾಲಯದಲ್ಲಿ, ಸೊಂಟದೆತ್ತರದ ಗಾಜಿನ ಪೆಟ್ಟಿಗೆ, ಅದರಲ್ಲಿ ಅರ್ಧಕ್ಕೆ ಮರಳು. ತಳದ ಸಣ್ಣ ತೂತುಗಳಿಂದ ಬ್ಲೋವರ್ ಗಾಳಿ ಊದುತ್ತಿತ್ತು. ಬೆಂಕಿಯಿಲ್ಲ, ಬಿಸಿಯಿಲ್ಲ, ಆದರೂ ಮರಳು ಒಲೆಯ ಮೇಲಿನ ಅಂಬಲಿಯ ಹಾಗೆ ಕುದಿಯುತ್ತಿತ್ತು. ಗುಳ್ಳೆಗಳು ಎದ್ದು ಎದ್ದು ಒಡೆಯುತ್ತಿದ್ದವು.

"ಇದು ಮರಳು ಹೌದೋ ಅಲ್ಲೋ?"

"ಮರಳಽ. ಸಾಕಷ್ಟು ಗಾಳಿ ಸಿಕ್ಕರ ಮರಳು ನೀರಿನಂಗ ನಡಕೋತದ. ಹಗುರಾದ್ದು ತೇಲ್ತದ, ಭಾರದ್ದು ಮುಳಗ್ತದ. ಬಾಯ್ಲರ್ ಒಳಗೂ ಇದಽ ಆಟ, ಬೆಂಕಿ ಒಂದು ಹೆಚ್ಚು."

ಶ್ರೀರಂಜನಿ ಪ್ಲಾಸ್ಟಿಕ್ ಚೆಂಡೊಂದನ್ನು ಎಸೆದಳು. ಅದು ಕುಣಿಯುತ್ತ ಮೇಲೆಯೇ ಉಳಿಯಿತು. ಗಿರಿಜಾಬಾಯಿ ಕೊನೆಗೂ ಕೈ ಬಿಟ್ಟರು. ಮೊಳದುದ್ದದ ಕಬ್ಬಿಣದ ಪಾನಾ ಸದ್ದೇ ಇಲ್ಲದೆ ಕಾಣೆಯಾಯಿತು.

ಬ್ಲೋವರ್ ನಿಂತಿತು. ಈಗ ಮರಳು ಮರಳೇ. ಶ್ರೀರಂಜನಿ ಕೈ ಹಾಕಿ ಬಗೆದಳು. ಮೊಣಕೈವರೆಗೆ ಹೋದ ಮೇಲೆ ತಳದ ತಗಡಿನ ಮೇಲೆ ಪಾನಾ ಸಿಕ್ಕಿತು. ಅದನ್ನು ತೆಗೆದು, ನಿಂತ ಮರಳಿನ ಮೇಲೆ ಮತ್ತೆ ಎಸೆದಳು. ಈ ಸಲ ಅದು ಮಂಚದ ಮೇಲೆ ಮಲಗಿದ ಹಾಗೆ ಅಲ್ಲೇ ಬಿದ್ದುಕೊಂಡಿತು.

ಬೇಡಗ ರಸ್ತೆಯ ಅರಿಶಿನ ಕಾರ್ಖಾನೆಯ ಬಾಯ್ಲರ್ ದಸರೆಯ ಮರುದಿನ ಒಡೆದು ಸ್ವಪ್ನಿಲನೆಂಬ ಕೆಲಸಗಾರನ ತೋಳು ಬೆಂದಿತ್ತು. ಒಳಗಿನ ಮರಳಿನಲ್ಲಿ ಸಿಕ್ಕ ಪಾನಾ ಬಾಯ್ಲರ್ ನೋಡಿಕೊಳ್ಳುವ ರಾವಸಾಬನದೆಂದು ಅವನ ಮೇಲೆ ಖಟ್ಲೆ ಬಿದ್ದಿತ್ತು. ಇಷ್ಟು ನೆನಪಿದ್ದರೆ ಓದುಗರಿಗೆ ಸಾಕು.

ಗಿರಿಜಾಬಾಯಿ ಮೊಬೈಲ್ ತೆಗೆದು ಪೋಲೀಸರ ಪಂಚನಾಮೆಯ ಫೋಟೋ ದೊಡ್ಡದು ಮಾಡಿದರು. ಬಾಯ್ಲರ್‌ನ ಕಿಂಡಿ, ಕಿಂಡಿಯ ಒಳಗೆ ಮರಳು, ಮರಳಿನ ಮೇಲೆ ಪಾನಾ. ಮೇಲೆ! ಅಂಗೈ ಹುಣ್ಣಿಗೆ ಕನ್ನಡಿ ಯಾಕೆ ಬೇಕು? ಇಷ್ಟು ದಿನ ಈ ಫೋಟೋ ಎಲ್ಲರ ಮೊಬೈಲಿನಲ್ಲೂ ಇತ್ತು. ಪಾನಾ ಯಾರದೆಂದು ಎಲ್ಲರೂ ಕೇಳಿದರು, ಅದು ಎಲ್ಲಿ ಮಲಗಿದೆಯೆಂದು ಒಬ್ಬರೂ ಕೇಳಲಿಲ್ಲ.

"ಮರತು ಒಳಗ ಬಿಟ್ಟಿದ್ದರ ಇದು ತಳಕ್ಕ ಇರಬೇಕಿತ್ತು," ಎಂದರು ಗಿರಿಜಾಬಾಯಿ. "ಬಾಯ್ಲರ್ ನಿಂತ ಮ್ಯಾಲ ಯಾರೋ ಕಿಂಡಿಯಿಂದ ಒಗದಾರ. ಕೋತಿ ಮೊಸರು ತಿಂದು ಮೇಕೆ ಬಾಯಿಗೆ ಒರಸೇತಿ!"

ಬಾಗಿಲ ಬಳಿ ನಿಂತಿದ್ದ ಬಿಂದುಮಾಧವ ಎರಡೂ ಕೈ ಎತ್ತಿ ಮುಗಿದ. "ನಮ್ಮ ರಂಜನಿ! ಅಕ್ಷರಶಃ ಸರಸ್ವತಿ!"

ಬಿಂದುಮಾಧವ ಶ್ರೀರಂಜನಿಯ ಕಾಕಾ. ಮಿರಜಿನ ಬ್ರಾಹ್ಮಣಪುರಿಯಲ್ಲಿ ಮನೆ, ಅದೇ ಅರಿಶಿನ ಕಾರ್ಖಾನೆಯಲ್ಲಿ ಸ್ಟೋರ್ ನೋಡಿಕೊಳ್ಳುವ ಕೆಲಸ. ರಾವಸಾಬನಿಗೆ ಅನ್ಯಾಯವಾಗುತ್ತಿದೆ, ಹೇಗಾದರೂ ಉಳಿಸಿಕೊಡಿ ಎಂದು ಗಿರಿಜಾಬಾಯಿಯ ಮಾಳಿಗೆ ಹತ್ತಿ ಕಣ್ಣೀರು ಹಾಕಿದವನು ಅವನೇ. ಈಗಲೂ ಕಣ್ಣು ತುಂಬಿಕೊಂಡಿದ್ದ. ಅಳುವ ಗಂಡಸರನ್ನು ಕಂಡರೆ ಗಿರಿಜಾಬಾಯಿಗೆ ಸ್ವಲ್ಪ ರೇಗುತ್ತಿತ್ತು, ಆದರೆ ಇವನ ಕರವಸ್ತ್ರ ಪಾಪ ನಿಜವಾಗಿಯೂ ಒದ್ದೆಯಾಗುತ್ತಿತ್ತು.

"ಇನ್ನೊಂದು ಅದ," ಎಂದಳು ಶ್ರೀರಂಜನಿ. ಅವಳ ಮುಖದಲ್ಲಿ ನಗುವಿರಲಿಲ್ಲ. "ಇಲ್ಲಿ ಬರ್ರಿ."

*

ಸಾಂಗ್ಲಿಯ ಆ ಇಂಜಿನಿಯರಿಂಗ್ ಕಾಲೇಜಿನಲ್ಲಿ ಶ್ರೀರಂಜನಿ ಕಲಿಸುವುದು ಹಗಲಿನ ಕೆಲಸ. ಅವಳ ಪ್ರಾಣ ಇದ್ದದ್ದು ಕಂಪ್ಯೂಟರಿನಲ್ಲಿ. ಗಾಳಿ ಮರಳನ್ನು ಹೇಗೆ ಎತ್ತುತ್ತದೆ, ಮರಳು ಗಾಳಿಯನ್ನು ಹೇಗೆ ತಡೆಯುತ್ತದೆ, ಗುಳ್ಳೆ ಎಲ್ಲಿ ಹುಟ್ಟಿ ಎಲ್ಲಿ ಒಡೆಯುತ್ತದೆ ಎಂಬುದನ್ನು ಮೊದಲೇ ಲೆಕ್ಕ ಹಾಕಿ ತೋರಿಸುವುದು ಅವಳ ಸಂಶೋಧನೆ.

"ಕಂಪ್ಯೂಟರಿನ್ಯಾಗ ಮರಳು ಕುದಿಸಿ ಸಂಬಳ ತಗೋತೀಯಲ್ಲ, ನಿನ್ನ ಪುಣ್ಯ ದೊಡ್ಡದು," ಎಂದರು ಗಿರಿಜಾಬಾಯಿ.

"ಒಂದೊಂದು ಕಣ ಎಣಿಸೋದು ಯಾವ ಕಂಪ್ಯೂಟರಿಗೂ ಆಗೂದಿಲ್ಲ, ಮಾವಶಿ. ಅದಕ್ಕ ಏನ್ ಮಾಡ್ತೀವಿ ಅಂದ್ರ, ಗಾಳಿ ಒಂದು ನೀರು, ಮರಳು ಇನ್ನೊಂದು ನೀರು ಅಂತ ತಿಳಕೋತೀವಿ. ಎರಡೂ ಒಂದಽ ಪಾತ್ರೆಯೊಳಗ, ಒಂದನ್ನೊಂದು ತಳ್ಳಿಕೋತ ಹರೀತಾವ. ಎಷ್ಟು ತಳ್ತಾವ ಅನ್ನೋದು ಬರೋಬರ ಹಿಡದ್ರ ಚಿತ್ರ ಖರೇ ಬರ್ತದ."

"ಹಿಡೀಲಿಲ್ಲಂದ್ರ?"

"ಸುಳ್ಳು ಬರ್ತದ. ಮೊದಲನೇ ಸಲ ಸುಳ್ಳಽ ಬಂತು." ಶ್ರೀರಂಜನಿ ಒಪ್ಪಿಕೊಳ್ಳಲು ನಾಚಲಿಲ್ಲ. "ಎಲ್ಲಾ ಕಣ ಒಂದಽ ಗಾತ್ರ ಅಂತ ಲೆಕ್ಕ ಮಾಡಿದ್ದೆ. ಕಾಕಾ ಕಾರ್ಖಾನಿಯಿಂದ ಡಬ್ಬಿ ತುಂಬ ಮರಳು ತಂದುಕೊಟ್ಟ. ಜರಡಿ ಹಿಡದು ನೋಡಿದ್ರ ಅರ್ಧ ಹಿಟ್ಟಾಗಿತ್ತು, ಅರ್ಧ ಕಡಲಿಕಾಳಿನಷ್ಟಿತ್ತು. ಅದನ್ನ ಸೇರಿಸಿ ಮತ್ತ ಮಾಡಿದೆ."

ಪರದೆಯ ಮೇಲೆ ಬಾಯ್ಲರ್‌ನ ಹೊಟ್ಟೆ ಕಾಣಿಸಿತು. ಗಾಳಿ ಹೆಚ್ಚಿರುವಲ್ಲಿ ನೀಲಿ, ಮರಳು ದಟ್ಟವಾಗಿರುವಲ್ಲಿ ಕೆಂಪು. ತಳದಲ್ಲಿ ಪಾನಾದ ಆಕಾರದ ಕಪ್ಪು ಗೆರೆ. ಗುಳ್ಳೆಗಳು ಅದನ್ನು ಬಳಸಿಕೊಂಡು ಎರಡೂ ಬದಿಯಿಂದ ಮೇಲೆ ಏರುತ್ತಿದ್ದವು. ಹೊಳೆಯಲ್ಲಿ ಕಲ್ಲಿದ್ದರೆ ನೀರು ನಿಲ್ಲುತ್ತದೆಯೇ?

"ಇದು ಪಾನಾ ಒಳಗ ಬಿದ್ದಿದ್ರ ಆಗೋ ಚಿತ್ರ. ಏನೂ ಆಗೂದಿಲ್ಲ. ಈಗ ನೋಡ್ರಿ, ಪಾನಾ ತಗದೆ. ಎಡಗಡೆಯ ಗಾಳಿ ಪೂರಾ ಮುಚ್ಚಿದೆ."

ಪರದೆಯ ಬಲ ಅರ್ಧ ಕುದಿಯುತ್ತಲೇ ಇತ್ತು. ಎಡ ಅರ್ಧ ಕೆಂಪಾಗಿ, ಕಲ್ಲಿನಂತೆ ನಿಂತುಬಿಟ್ಟಿತು.

ಗಿರಿಜಾಬಾಯಿ ಇನ್ನೊಂದು ಫೋಟೋ ತೆಗೆದರು. ಬಾಯ್ಲರ್ ಒಡೆದ ಮೇಲೆ ಒಳಗೆ ಸಿಕ್ಕ ಹೆಪ್ಪು: ಎಡಗಡೆಯ ಮರಳೆಲ್ಲ ಕರಗಿ ಬೆಲ್ಲದ ಪೆಂಟೆಯಂತೆ ಒಂದೇ ಗಟ್ಟಿಯಾಗಿತ್ತು, ಬಲಗಡೆ ಮರಳು ಉದುರುದುರು. ಪರದೆಗೂ ಫೋಟೋಕ್ಕೂ ಎರಡು ಬೆರಳಿನ ಅಂತರವೂ ಇರಲಿಲ್ಲ.

"ಉರುವಲು ಬೀಳ್ತಾ ಹೋಯ್ತು, ಮರಳು ಅಲ್ಲಾಡಲಿಲ್ಲ. ಒಂದಽ ಕಡೆ ಬೆಂಕಿ ಹೆಚ್ಚಾಗಿ ಮರಳು ಕರಗ್ತು, ಮ್ಯಾಲಿನ ನೀರಿನ ಕೊಳವಿ ಒಡೀತು," ಎಂದಳು ಶ್ರೀರಂಜನಿ. "ಪಾನಾಕ್ಕೂ ಅಪಘಾತಕ್ಕೂ ಸಂಬಂಧಽ ಇಲ್ಲ. ಯಾರೋ ಎಡಗಡೆ ಗಾಳಿ ಮುಚ್ಯಾರ."

ಅಂದರೆ ಪ್ರಶ್ನೆಗಳು ಎರಡಾದವು. ಗಾಳಿ ಮುಚ್ಚಿದವರು ಯಾರು? ಆಮೇಲೆ ಪಾನಾ ಎಸೆದವರು ಯಾರು? ಎರಡೂ ಒಂದೇ ಕೈ ಎಂದು ಗಿರಿಜಾಬಾಯಿಗೆ ಅನುಮಾನವಿರಲಿಲ್ಲ. ಆ ಕೈಯ ಬಗ್ಗೆಯೂ ಅವರಿಗೊಂದು ಅಂದಾಜಿತ್ತು: ಕಾರ್ಖಾನೆಯ ಮಾಲೀಕ ಧನಪಾಲ. ತಪ್ಪು ಕೆಲಸಗಾರನದಾದರೆ ಮಾಲೀಕನ ತಲೆ ತಣ್ಣಗಿರುತ್ತದೆ.

ನಾಳೆ ವಿಚಾರಣೆ. ಬಾಯ್ಲರ್ ಇನ್‌ಸ್ಪೆಕ್ಟರ್ ಕಾರ್ಖಾನೆಗೇ ಬರುವವರಿದ್ದರು. ಅಲ್ಲಿ ರಾವಸಾಬನ ನಿಷ್ಕಾಳಜಿ ಎಂದು ಬರೆದರೆ ಅವನ ಸರ್ಟಿಫಿಕೇಟು ಹೋಯಿತು, ಜೈಲು ಆಯಿತು. ಜೀವಮಾನದಲ್ಲಿ ಮತ್ತೆ ಬಾಯ್ಲರ್ ಮುಂದೆ ನಿಲ್ಲುವಂತಿಲ್ಲ. ಕಬ್ಬು ಕಡಿಯಲು ಅಥಣಿ ಕಡೆಯಿಂದ ಬಂದವನು ಓದಲು ಕಲಿತು, ಪರೀಕ್ಷೆ ಕಟ್ಟಿ ಗಳಿಸಿದ ಸರ್ಟಿಫಿಕೇಟು ಅದು. ಅವನನ್ನು ಕೇಳಿದರೆ ಒಂದೇ ಉತ್ತರ: "ಮರತಿರಬೇಕ್ರಿ." ಹೌದು ಎನ್ನುವುದೂ ಇಲ್ಲ, ಅಲ್ಲ ಎನ್ನುವುದೂ ಇಲ್ಲ.

"ಗಾಡಿ ತಗೀರಿ, ಬಿಂದುರಾವ್," ಎಂದರು ಗಿರಿಜಾಬಾಯಿ.

*

ಧನಪಾಲನ ಕಾರ್ಖಾನೆಯಲ್ಲಿ ಹಳದಿಯಾಗದ ವಸ್ತುವಿರಲಿಲ್ಲ. ಗೋಡೆ ಹಳದಿ, ಗೇಟು ಹಳದಿ, ಗೇಟಿನ ಬಳಿ ಮಲಗಿದ್ದ ಎರಡು ಬಿಳಿ ನಾಯಿಗಳೂ ಹಳದಿ. ಧನಪಾಲನ ಮೀಸೆಯ ತುದಿಗೂ ಬಣ್ಣ ಹತ್ತಿತ್ತು.

"ನನ್ನ ಮ್ಯಾಲ ಸಂಶಯ ಐತೇನ್ರಿ?" ಎಂದು ಅವನು ನೇರವಾಗಿ ಕೇಳಿದ.

"ಐತಿ," ಎಂದರು ಗಿರಿಜಾಬಾಯಿ.

"ಛಲೋ ಆತು, ಮುಖದ ಮ್ಯಾಲ ಹೇಳಿದ್ರಿ. ಹಿಂದ ಆಡೋರು ಭಾಳ ಆಗ್ಯಾರ. ಏನ್ ನೋಡಬೇಕು ನೋಡ್ರಿ. ಸ್ವಪ್ನಿಲ ಇವತ್ತ ಎದ್ದು ಕೂತಾನಂತ, ತೋಳು ಉಳೀತಂತ. ಅದೊಂದು ಸುದ್ದಿ ಕೇಳಿದ ಮ್ಯಾಲ ನನಗ ಯಾರ ಹೆದರಿಕಿನೂ ಇಲ್ಲ."

ಹೀಗೆ ಮಾತಾಡುವವನ ಮೇಲೆ ಸಿಟ್ಟು ಉಳಿಸಿಕೊಳ್ಳುವುದು ಕಷ್ಟ. ಗಿರಿಜಾಬಾಯಿ ಕಷ್ಟಪಟ್ಟು ಉಳಿಸಿಕೊಂಡರು.

ಬಾಯ್ಲರ್ ಮನೆ ತಣ್ಣಗಿತ್ತು. ಒಡೆದ ಗಟ್ಟಿಗಳನ್ನು ಹೊರಗೆ ರಾಶಿ ಹಾಕಿದ್ದರು. ಬಾಯ್ಲರ್‌ನ ಹಿಂಬದಿಯ ಗೋಡೆಯಲ್ಲಿ ಎರಡು ಕಬ್ಬಿಣದ ಹಿಡಿಕೆಗಳಿದ್ದವು, ಎಡಕ್ಕೊಂದು, ಬಲಕ್ಕೊಂದು. ಹಿಡಿಕೆ ಮೇಲಿದ್ದರೆ ಆ ಬದಿಗೆ ಗಾಳಿ ಹೋಗುತ್ತದೆ, ಮುಂದಕ್ಕೆ ಬಗ್ಗಿಸಿ ಕೆಳಗೆ ಮಾಡಿದರೆ ನಿಲ್ಲುತ್ತದೆ. ಈಗ ಎರಡೂ ಮೇಲಿದ್ದವು.

"ಇವನ್ನ ಯಾರು ಮುಟ್ತಾರ?"

"ವರ್ಷಕ್ಕೊಮ್ಮೆ, ಮರಳು ಬದಲಿ ಮಾಡೂಮುಂದ," ಎಂದ ಧನಪಾಲ. "ಉಳದ ದಿನ ಅವು ಅಲ್ಲಿ ಅದಾವಂತ ಯಾರಿಗೂ ನೆನಪಿರಂಗಿಲ್ಲ. ಹಾಂ, ಖಂಡೇನವಮಿಗೆ ಕುಂಕುಮ ಹಚ್ತಾರ."

ದಸರೆಯ ಹಿಂದಿನ ದಿನ ಖಂಡೇನವಮಿ. ಅಂದು ಈ ಸೀಮೆಯಲ್ಲಿ ಕುಡುಗೋಲಿನಿಂದ ಹಿಡಿದು ಟ್ರಕ್ಕಿನವರೆಗೆ ದುಡಿಯುವ ಸಕಲ ಕಬ್ಬಿಣಕ್ಕೂ ಪೂಜೆ. ಬೇರೆ ಯಂತ್ರಗಳು ರಜೆ ಹಾಕಿದರೂ ಬಾಯ್ಲರ್‌ಗೆ ರಜೆಯಿಲ್ಲ. ಮಂದ ಉರಿಯಲ್ಲಿ ಅದು ಉಸಿರಾಡುತ್ತಿರುವಾಗಲೇ ಅದರ ಮುಂದೆ ದೀಪ ಹಚ್ಚಿ, ಒಂದೊಂದು ಚಕ್ರಕ್ಕೂ ಹಿಡಿಕೆಗೂ ಅರಿಶಿನ-ಕುಂಕುಮ ಇಡುತ್ತಾರೆ.

ಬಲಗಡೆಯ ಹಿಡಿಕೆಯ ಮೇಲೆ ಕುಂಕುಮದ ಬೊಟ್ಟು ಎದುರಿಗೇ ಕಾಣುತ್ತಿತ್ತು. ಎಡಗಡೆಯದರ ಮೇಲೆ ಬೊಟ್ಟೇ ಇರಲಿಲ್ಲ.

ಗಿರಿಜಾಬಾಯಿ ಮೂಗು ತೀಡಿಕೊಂಡರು. ದೇವರ ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದಕ್ಕೆ ಸುಣ್ಣ ಹಚ್ಚುವ ಹೆಂಗಸು ಈ ನಾಡಿನಲ್ಲಿ ಹುಟ್ಟಿಲ್ಲ. ಅವರು ಗೋಡೆಗೆ ಕೆನ್ನೆ ಆನಿಸಿ ಹಿಡಿಕೆಯ ಹಿಂಬದಿಗೆ ಬೆರಳು ತೂರಿಸಿದರು. ಬೆರಳ ತುದಿ ಕೆಂಪಾಯಿತು.

"ರಂಜನಿ, ಹಿಡಿಕಿ ಕೆಳಗ ಮಾಡು."

ಹಿಡಿಕೆ ಮುಂದಕ್ಕೆ ಬಾಗಿ ಕೆಳಗಿಳಿಯಿತು. ಗೋಡೆಗೆ ಆನಿಕೊಂಡಿದ್ದ ಬದಿ ಈಗ ಎದುರಿಗೆ ಬಂತು, ಅದರ ನಟ್ಟನಡುವೆ ಹೆಬ್ಬೆರಳಗಲದ ಕುಂಕುಮದ ಬೊಟ್ಟು.

"ಪೂಜಾ ಮಾಡೂಮುಂದಽ ಇದು ಮುಚ್ಚಿತ್ತು," ಎಂದಳು ಶ್ರೀರಂಜನಿ ಮೆಲ್ಲಗೆ.

"ಮುಚ್ಚಿದ್ದು ಯಾಕಂತ ಕೇಳು." ಗಿರಿಜಾಬಾಯಿ ಕೆಳಗೆ ನೋಡುತ್ತಿದ್ದರು. ಎಡಗಡೆಯ ಗಾಳಿಯ ಕೊಳವೆ ಮೊಣಕಾಲಿನ ಎತ್ತರದಲ್ಲಿ ಬಿರುಕು ಬಿಟ್ಟಿತ್ತು. ಅದರ ಮುಂದೆ ನೆಲದ ಮೇಲೆ ಎಣ್ಣೆಯ ದುಂಡನೆಯ ಕಲೆ, ದೀಪದ ಸಮಯಿಯ ತಳದಷ್ಟೇ ಅಗಲ. "ಸಾಹುಕಾರ್ರ, ಬ್ಲೋವರ್ ಚಾಲೂ ಮಾಡಸ್ರಿ."

ಬ್ಲೋವರ್ ಗುಂಯ್‌ಗುಟ್ಟಿತು. ಹಿಡಿಕೆ ಮೇಲೆ ಮಾಡಿ ಗಿರಿಜಾಬಾಯಿ ಎಣ್ಣೆಯ ಕಲೆಯ ಹತ್ತಿರ ಕಡ್ಡಿ ಗೀರಿದರು. ಬಿರುಕಿನ ಗಾಳಿಗೆ ಅದು ತಕ್ಷಣ ಆರಿತು. ಹಿಡಿಕೆ ಕೆಳಗೆ ಮಾಡಿ ಇನ್ನೊಂದು ಗೀರಿದರು. ಅದು ಅಲುಗದೆ ಉರಿದು ಅವರ ಬೆರಳು ಸುಡುವವರೆಗೂ ಬಂತು.

ಯಾರಿಗೂ ಬಿಡಿಸಿ ಹೇಳಬೇಕಾಗಲಿಲ್ಲ. ಖಂಡೇನವಮಿಯ ದಿನ ದೇವರ ಮುಂದಿನ ದೀಪ ಆರುವುದೆಂದರೆ ವರ್ಷವೆಲ್ಲ ಮನಸ್ಸಿಗೆ ಮುಳ್ಳು. ಯಾರೋ ದೀಪ ಉಳಿಸಲು ಗಾಳಿ ಮುಚ್ಚಿದ್ದರು. ಹಬ್ಬದ ಎರಡು ದಿನ ಮಂದ ಉರಿಯಲ್ಲಿ ದಾಟಿತು. ಮೂರನೆಯ ದಿನ ಪೂರ್ಣ ಉರಿ ಕೊಟ್ಟಾಗ ಬಾಯ್ಲರ್‌ನ ಅರ್ಧ ಹೊಟ್ಟೆಗೆ ಉಸಿರಿರಲಿಲ್ಲ.

ಗಿರಿಜಾಬಾಯಿಗೆ ಎದೆ ಹಗುರವಾಯಿತು, ಅದನ್ನು ಅವರು ಮುಚ್ಚಿಡಲೂ ಇಲ್ಲ. ಇಷ್ಟು ದಿನ ದ್ವೇಷವನ್ನು ಹುಡುಕಿದ್ದರು, ಸಿಕ್ಕಿದ್ದು ಭಕ್ತಿ. ತಪ್ಪು ತಪ್ಪೇ, ಆದರೆ ಕೇಡು ಬಗೆದದ್ದಲ್ಲ. ಇನ್‌ಸ್ಪೆಕ್ಟರೂ ಮನುಷ್ಯನೇ, ಅವನ ಮನೆಯಲ್ಲೂ ದೀಪ ಹಚ್ಚುತ್ತಾರೆ.

"ದೀಪ ಹಚ್ಚಿದ್ದು ಯಾರು?"

"ಬಾಯ್ಲರ್ ಮಂದಿ," ಎಂದ ಧನಪಾಲ. "ಅವತ್ತ ಅವರ ಮನಿ ಹೆಣ್ಣುಮಕ್ಕಳೂ ಬರ್ತಾರ. ನಾವು ಕಾಯಿ ಒಡದು ಹೋಗ್ತೇವಿ. ರಾವಸಾಬನ್ನ ಕೇಳ್ರಿ, ಅವಗ ಗೊತ್ತಿರತೈತಿ."

"ನಡೀರಿ ಬೇಡಗಕ್ಕ, ಅವನ ಮನೀಗೆ," ಎಂದರು ಗಿರಿಜಾಬಾಯಿ.

"ಇವತ್ತಽ?" ಎಂದ ಬಿಂದುಮಾಧವ. "ರಾವಸಾಬಗ ಮೈ ಬಿಸಿ ಅದ ಅಂದಿದ್ರು. ನಾಳೆ ಮುಂಜಾನೆ ಹೋದ್ರ ಆಗಂಗಿಲ್ಲೇನು?"

"ಜ್ವರಕ್ಕ ಛಲೋ ಸುದ್ದಿಗಿಂತ ಬ್ಯಾರೆ ಔಷಧ ಇಲ್ಲ, ಬಿಂದುರಾವ್. ನಡೀರಿ."

*

ಬೇಡಗದ ಅಂಚಿನಲ್ಲಿ ಎರಡು ಖೋಲಿಯ ಮನೆ. ಬಾಗಿಲಲ್ಲಿ ರಾವಸಾಬನ ಹೆಂಡತಿ ಸಾತವ್ವ ಡಬ್ಬಿ ತೊಳೆಯುತ್ತಿದ್ದಳು. ಮಿರಜಿನ ಆಸ್ಪತ್ರೆಯಲ್ಲಿ ಮಲಗಿದ ಸ್ವಪ್ನಿಲನಿಗೆ ದಿನಾ ರೊಟ್ಟಿ ಒಯ್ಯುವವಳು ಅವಳೇ; ತನ್ನ ಗಂಡನಿಂದ ಅವನ ತೋಳು ಸುಟ್ಟಿತೆಂದು ಊರೇ ಆಡುತ್ತಿರುವಾಗಲೂ ಬಿಟ್ಟಿರಲಿಲ್ಲ.

"ಬರ್ರಿ, ಬರ್ರಿ ಬಾಯಿಸಾಹೇಬ್ರ. ಕುಂದ್ರಿ. ಅಕ್ಕಾರ, ನೀವೂ ಕುಂದ್ರಿ."

ಬಿಂದುಮಾಧವ ಹೊರಗಿನ ಕಟ್ಟೆಯ ಮೇಲೆಯೇ ಕೂತ. "ನಾ ಇಲ್ಲೇ ಕೂಡ್ತೀನಿ. ಛಲೋ ಗಾಳಿ ಅದ."

ಒಳಗೆ ರಾವಸಾಬ ಕಂಬಳಿ ಹೊದ್ದು ಗೋಡೆಗೆ ಒರಗಿದ್ದವನು ಎದ್ದು ನಿಲ್ಲಲು ನೋಡಿದ. ಗಿರಿಜಾಬಾಯಿ ಅವನ ಭುಜ ಒತ್ತಿ ಕೂರಿಸಿ, ಗಾಜಿನ ಪೆಟ್ಟಿಗೆಯಿಂದ ಕುಂಕುಮದ ಬೊಟ್ಟಿನವರೆಗೆ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದರು. ಪಾನಾ ತೇಲುವುದಿಲ್ಲ. ಅದನ್ನು ಯಾರೋ ಆಮೇಲೆ ಎಸೆದಿದ್ದಾರೆ. ನಾಳೆ ಶ್ರೀರಂಜನಿ ಇನ್‌ಸ್ಪೆಕ್ಟರ ಎದುರಿಗೇ ಮರಳು ಕುದಿಸಿ ತೋರಿಸುತ್ತಾಳೆ.

"ನೀ ಬಿಡುಗಡೆ ಆದಿ, ರಾವಸಾಬ!"

ಸಾತವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು. ದೇವರ ಫೋಟೋದ ಕಡೆ ಕೈ ಮುಗಿದಳು, ಶ್ರೀರಂಜನಿಯ ಗದ್ದ ಹಿಡಿದು ನೆಟಿಕೆ ಮುರಿದಳು.

ರಾವಸಾಬ ಮಾತ್ರ ನಗಲಿಲ್ಲ. ಅವನ ಮುಖದಲ್ಲಿದ್ದ ಅಷ್ಟಿಷ್ಟು ರಕ್ತವೂ ಇಳಿದುಹೋಗಿತ್ತು.

"ಚಹಾ ಮಾಡು," ಎಂದ ಹೆಂಡತಿಗೆ. ಅವಳು ಒಳಕೋಣೆಗೆ ಹೋದ ಮೇಲೆ ದನಿ ತಗ್ಗಿಸಿದ. "ಬಾಯಿಸಾಹೇಬ್ರ, ನಿಮ್ಮ ಕಾಲಿಗೆ ಬೀಳ್ತೀನಿ. ಅದನ್ನ ನಾಳೆ ತೋರಸಬ್ಯಾಡ್ರಿ."

"ಏನಂದಿ?"

"ನಾ ಮರತು ಬಿಟ್ಟೆ ಅಂತ ಬರಕೊಡ್ತೀನಿ. ಪಾನಾ ನಂದು. ತಪ್ಪು ನಂದು."

ಗಿರಿಜಾಬಾಯಿ ಅವನನ್ನೇ ನೋಡಿದರು. ಸುಳ್ಳು ಹೇಳಿ ತಪ್ಪಿಸಿಕೊಳ್ಳುವವರನ್ನು ಖಾತೆಯಲ್ಲಿ ರಾಶಿ ರಾಶಿ ನೋಡಿದ್ದರು. ಸುಳ್ಳು ಹೇಳಿ ಸಿಕ್ಕಿಕೊಳ್ಳಲು ಹಟ ಮಾಡುವವನು ಅಪರೂಪ.

"ಪಾನಾ ಒಗದಾಂವ ನೀನಽ," ಎಂದರು.

ರಾವಸಾಬ ತಲೆ ತಗ್ಗಿಸಿದ.

"ನನಗೂ ಗೊತ್ತಿತ್ರಿ, ಕಬ್ಬಿಣ ಮುಳಗತೈತಿ ಅಂತ. ಕಿಂಡಿ ತಗದು ತಳಕ್ಕ ಹುಗೀಬೇಕಂತ ಮಾಡಿದ್ದೆ. ಮರಳು ಕೆಂಡ ಆಗಿತ್ತು. ಕೈ ಹಾಕಾಕ ಆಗಲಿಲ್ಲ. ಮಂದಿ ಓಡಿ ಬರಾಕ ಹತ್ತಿದ್ರು, ಹಂಗಽ ಒಗದೆ."

"ಅದಕ್ಕೂ ಮೊದಲು ಎಡಗಡೆ ಹಿಡಿಕಿ ಮ್ಯಾಲ ಮಾಡಿದಿ. ಯಾರೂ ನೋಡಬಾರ್ದಂತ."

ಅವನು ಕಂಬಳಿಯನ್ನು ಇನ್ನಷ್ಟು ಎಳೆದುಕೊಂಡ.

"ಖಂಡೇನವಮಿ ದಿನ ದೀಪ ಹಚ್ಚಿದ್ದು ಯಾರು, ರಾವಸಾಬ?"

ಅವನು ಒಳಕೋಣೆಯ ಕಡೆ ನೋಡಿದ. ಸ್ಟೋವಿನ ಸದ್ದು ಬರುತ್ತಿತ್ತು. ಅಲ್ಲಿಂದ ಕಣ್ಣು ತೆಗೆಯದೆಯೇ ಹೇಳಿದ:

"ಆಕಿಗೆ ಗೊತ್ತಿಲ್ಲರಿ. ಬಾಯ್ಲರ್ ಒಡದಾಗ ನಾ ಓಡಿಹೋಗಿ ನೋಡ್ತೀನಿ, ಹಿಡಿಕಿ ಕೆಳಗೈತಿ, ಅದರ ಮ್ಯಾಲ ಆಕಿ ಹಚ್ಚಿದ ಕುಂಕುಮ. ಎದಿ ಒಡೀತ್ರಿ. ಸ್ವಪ್ನಿಲ ಆಕಿಗೆ ಮಗಾ ಇದ್ದಂಗ. ತನ್ನ ಕೈಯಿಂದ ಅವನ ತೋಳು ಸುಟ್ಟಿತಂತ ಗೊತ್ತಾದ್ರ ಆಕಿ ಉಳಿಯಂಗಿಲ್ಲ. ನನ್ನ ಸರ್ಟಿಫಿಕೇಟ್ ಹೋಗಲಿ. ಮತ್ತ ಕಬ್ಬು ಕಡೀತೀನಿ."

ಶ್ರೀರಂಜನಿಯ ಕಂಪ್ಯೂಟರು ಎಲ್ಲ ತಳ್ಳಾಟವನ್ನೂ ಲೆಕ್ಕ ಹಾಕಿತ್ತು, ಇದೊಂದನ್ನು ಬಿಟ್ಟು. ಈ ಮನುಷ್ಯನನ್ನು ಉಳಿಸಲು ಹೋಗಿ ಅವನು ಪ್ರಾಣಕ್ಕಿಂತ ಹೆಚ್ಚಾಗಿ ಮುಚ್ಚಿಟ್ಟದ್ದನ್ನು ಅವಳೇ ಬಿಚ್ಚಿದ್ದಳು.

"ನಾನಽ ಮುಚ್ಚಿದ್ದು ಖರೆ."

ಸಾತವ್ವ ಚಹಾದ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ ಗೊತ್ತಿಲ್ಲ. ಅವಳ ಕಣ್ಣು ಗಂಡನನ್ನು ಸುಡುತ್ತಿತ್ತು.

"ಎರಡು ಸಲ ದೀಪ ಹಚ್ಚಿದೆ, ಎರಡೂ ಸಲ ಆರಿತು. ಗಾಳಿ ಎಲ್ಲಿಂದ ಬರ್ತೈತಿ ಅಂತ ನೋಡಿ ಹಿಡಿಕಿ ಕೆಳಗ ಎಳದೆ. ಕುಂಕುಮ ಹಚ್ಚಿದೆ. ಆರತಿ ಆತು, ನೀವೆಲ್ಲಾ ಪ್ರಸಾದ ತಗೊಂಡ್ರಿ." ಅವಳು ತಟ್ಟೆಯನ್ನು ನೆಲದ ಮೇಲಿಟ್ಟಳು. "ಆಮ್ಯಾಲ ಮನೀಗೆ ಹೊರಡೂಮುಂದ ಸಮಯಿ ಎತ್ತಿ ಆಚಿ ಮೂಲಿಗೆ ಇಟ್ಟೆ. ಹಿಡಿಕಿ ಮತ್ತ ಮ್ಯಾಲ ಮಾಡೀನಿ!"

ರಾವಸಾಬ ಗೋಡೆ ಬಿಟ್ಟು ನೆಟ್ಟಗೆ ಕೂತ.

"ಹೊಳ್ಳಿ ತಗದೇನು?" ಎಂದ ರಾವಸಾಬ. ಅವನ ದನಿ ಅವನಿಗೇ ಕೇಳಿಸಿರಲಿಕ್ಕಿಲ್ಲ.

"ತಗೀದೆ ಬಿಡ್ತೀನೇನು? ಬಾಯ್ಲರಿಗೆ ಗಾಳಿ ಅಂದ್ರ ಊಟ ಇದ್ದಂಗ ಅಂತ ನೀವಽ ಹೇಳೀರಿ. ಹಬ್ಬದ ದಿನ ಅದನ್ನ ಉಪಾಸ ಕೆಡವ್ಲ್ಯಾ? ಹಿಡಿಕಿ ಎತ್ತೂದ ತಡ ಬಿರುಕಿನಿಂದ ಗಾಳಿ ಬರ್ರಂತ ಬಂದು ನನ್ನ ಸೆರಗು ಹಾರೇತಿ. ಸ್ವಪ್ನಿಲ ನೋಡಿ ನಕ್ಕಾನ. ಹೋಗಿ ಕೇಳ್ರಿ ಅವನ್ನ!"

ರಾವಸಾಬ ಕಂಬಳಿಯೊಳಗೆ ಮುಖ ಹುದುಗಿಸಿದ. ಅವನ ಭುಜ ಕುಲುಕುತ್ತಿತ್ತು. ಅಳುತ್ತಿದ್ದಾನೋ ನಗುತ್ತಿದ್ದಾನೋ ತಿಳಿಯಲಿಲ್ಲ, ಬಹುಶಃ ಎರಡೂ.

"ಇಷ್ಟು ದಿನ ಒಬ್ಬಾವ್ನಽ ಹೊತ್ತಗೊಂಡು ಕುಂತಿರಿ," ಎಂದಳು ಸಾತವ್ವ. "ನನ್ನ ಒಂದು ಮಾತು ಕೇಳಬಾರ್ದಾಗಿತ್ತೇನು?"

ಗಿರಿಜಾಬಾಯಿ ಕಣ್ಣು ಒರೆಸಿಕೊಂಡರು. ಅಳುವ ಗಂಡಸರ ಬಗ್ಗೆ ಅವರಿಗಿದ್ದ ಅಭಿಪ್ರಾಯ ಆ ಗಳಿಗೆಗೆ ರದ್ದಾಗಿತ್ತು. ಈ ಮನೆಯಲ್ಲಿ ಅಪರಾಧಿಯೇ ಇಲ್ಲ. ನಾಳೆ ಇಬ್ಬರೂ ತಲೆ ಎತ್ತಿ ನಿಲ್ಲಬಹುದು. ಸ್ವಪ್ನಿಲ ಎದ್ದು ಕೂತಿದ್ದಾನೆ, ಸೆರಗು ಹಾರಿದ್ದಕ್ಕೆ ಸಾಕ್ಷಿ ಹೇಳುತ್ತಾನೆ.

ಆದರೆ ಬಾಯ್ಲರ್ ಒಡೆದಾಗ ಹಿಡಿಕೆ ಕೆಳಗೇ ಇತ್ತು. ಸಾತವ್ವ ಮೇಲೆ ಮಾಡಿದ ಮೇಲೆ ಇನ್ನೊಂದು ಕೈ ಅದನ್ನು ಮತ್ತೆ ಕೆಳಗೆ ಎಳೆದಿತ್ತು.

"ಎರಡನೇ ಸಲ ಮುಚ್ಚಿದವರಿಗೆ ದೀಪದ ಚಿಂತಿ ಇರಲಿಲ್ಲ," ಎಂದರು ಗಿರಿಜಾಬಾಯಿ. "ರಾವಸಾಬ, ನೆನಪು ಮಾಡಿ ಹೇಳು. ಸಾತವ್ವ ಮನೀಗೆ ಬಂದ ಮ್ಯಾಲ ಬಾಯ್ಲರ್ ಹತ್ರ ಯಾರಿದ್ರು?"

"ನಾನಽರಿ. ಅವತ್ತೂ ಮರುದಿನಾನೂ ನಂದಽ ಪಾಳಿ. ಹಬ್ಬ ಅಂತ ಹುಡುಗರನ್ನ ಮನೀಗೆ ಕಳಿಸಿದ್ದೆ. ಹೊರಗಿನವರು ಯಾರೂ ಒಳಗ ಬಂದಿಲ್ಲ."

"ನೀ ಎದ್ದು ಹೋಗಲೇ ಇಲ್ಲ?"

"ಬಾಯ್ಲರ್ ಬಿಟ್ಟು ನಾ ಹೋಗಂಗಿಲ್ರಿ." ರಾವಸಾಬ ಮುಖ ಒರೆಸಿಕೊಂಡ. ಆಮೇಲೆ ಅವನ ಕೈ ಅಲ್ಲೇ ನಿಂತಿತು. "ಒಂದ್ ಸಲ, ಊಟಕ್ಕ. ಅದೂ ನಾನಾಗಿ ಹೋಗಲಿಲ್ಲ. 'ಹಬ್ಬದ ಹೋಳಿಗಿ ತಣ್ಣಗಾಗ್ತದ, ಉಂಡು ಬಾ, ಬಾಯ್ಲರ್ ಕಡೆ ನಾ ನಿಂತಿರ್ತೀನಿ' ಅಂದ್ರು. ತಮ್ಮ ಮನಿಯಿಂದ ಡಬ್ಬಿ ತಂದುಕೊಟ್ಟಿದ್ರು, ದೇವರಂಥಾ ಮನುಷ್ಯ."

"ಯಾರು?"

ರಾವಸಾಬ ಬಾಯಿ ತೆರೆದ, ಮುಚ್ಚಿದ. ಅವನ ನೋಟ ಗಿರಿಜಾಬಾಯಿಯನ್ನು ದಾಟಿ ಶ್ರೀರಂಜನಿಯ ಮೇಲೆ ಒಂದು ಕ್ಷಣ ನಿಂತು, ಅಲ್ಲಿಂದ ತಲೆಬಾಗಿಲಿಗೆ ಹೋಯಿತು. ಶ್ರೀರಂಜನಿ ತಿರುಗಿದಳು. ಗಿರಿಜಾಬಾಯಿ ತಿರುಗಿದರು. ಸಾತವ್ವನೂ ತಿರುಗಿದಳು.

ಹೊಸ್ತಿಲ ಮೇಲೆ ಬಿಂದುಮಾಧವ ಚಪ್ಪಲಿ ಬಿಡುತ್ತಿದ್ದ. ತಲೆ ಎತ್ತಿ, ಅಭ್ಯಾಸದಂತೆ ನಕ್ಕ.

"ಯಾಕ, ಎಲ್ಲಾರೂ ನನ್ನಽ ನೋಡ್ಲಿಕ್ಹತ್ತೀರಿ?"